ಪೇಟೆಂಟ್ ಪರೀಕ್ಷೆಯಲ್ಲಿ ಜೋಡಣೆಯ ಪ್ರಶ್ನೆ

ಫೋನು, ಗಣಕಗಳನ್ನು ಕೂರಿಸಿ ವಿದ್ಯುತ್ತನ್ನು ಒದಗಿಸುವ, ಒಂದರ ಮೇಲೊಂದು ಪೇರಿಸಬಹುದಾದ ಡಾಕಿಂಗ್ ಸಾಧನವನ್ನು ಐಗಳಿಯ ಯಂತ್ರಕುಶಲಿಯೊಬ್ಬನು ನಿರ್ಮಿಸಿದನೆಂದು ಭಾವಿಸೋಣ. ಕರ್ನಾಟಕದ ಅರ್ಜಿಗಳು ಸೇರುವುದು ಚೆನ್ನೈಯ ಪೇಟೆಂಟ್ ಕಚೇರಿಗೆ. ಬಿಡಿಭಾಗಗಳೆಲ್ಲ ಹಳೆಯವಾಗಿರುವಾಗ ಅವುಗಳ ಜೋಡಣೆ ಶೋಧವೆನಿಸೀತೆ?

ಇದಕ್ಕೆ ಉತ್ತರವನ್ನು ನಾವು ಪಾತ್ರೆಗಳ ವ್ಯಾಜ್ಯವೊಂದರಲ್ಲಿ ಕಾಣುತ್ತೇವೆ. ಪಾತ್ರೆಗಳನ್ನು ಲೇತಿನಲ್ಲಿ ಹಿಡಿದು ನಯಗೊಳಿಸುವ ಸಾಧನಕ್ಕೆ ಹಿಂದೂಸ್ಥಾನ್ ಮೆಟಲ್ ಇಂಡಸ್ಟ್ರೀಸ್ ಸಂಸ್ಥೆಯು 1951ರ ಪೇಟೆಂಟನ್ನು ಹೊಂದಿದ್ದಿತು. 1911ರ ಕಾಯಿದೆಯಡಿ ನಡೆದ ಈ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಆ ಹಕ್ಕನ್ನು ಅಸಿಂಧುವೆಂದು ಸಾರಿತು. ಹಳೆಯ ಭಾಗಗಳ ಕೂಟವು ಕಾರ್ಯಾಗಾರದ ಸಾಮಾನ್ಯ ಸುಧಾರಣೆಯನ್ನು ಮೀರಿರಬೇಕೆಂಬುದು ತೀರ್ಪಿನ ತಿರುಳು. ಅನ್ಯಥಾ, ಎಲ್ಲರ ಕಸುಬು ಒಬ್ಬನ ಸ್ವತ್ತಾಗುತ್ತಿದ್ದಿತೆಂದೇ ನಮ್ಮ ಅಭಿಮತ.

1972ರಲ್ಲಿ ಜಾರಿಗೆ ಬಂದ 1970ರ ಕಾಯಿದೆಯ 3ನೆಯ ಪ್ರಕರಣವೂ, ತಮ್ಮ ಪಾಡಿಗೆ ತಾವು ಪರಿಚಿತ ರೀತಿಯಲ್ಲಿಯೇ ದುಡಿಯುವ ಸಾಧನಗಳ ಬರಿಯ ಜೋಡಣೆಯನ್ನು ಶೋಧವೆಂದು ಒಪ್ಪದು. ಆದುದರಿಂದ ಪೆಟ್ಟಿಗೆಗಳು ಒಂದರ ಮೇಲೊಂದು ಕುಳಿತ ಮಾತ್ರಕ್ಕೆ ಸಾಲದು. ಮೇಲಿನದು ಸೇರಿದೊಡನೆ ಕೆಳಗಿನದು ವಿದ್ಯುತ್ತಿನ ಹಂಚಿಕೆಯನ್ನು ತಾನೇ ಬದಲಿಸುವಂತಿದ್ದು, ಆ ಉಪಾಯವು ಹೊಸದೂ ಬಲ್ಲವರಿಗೆ ಸಹಜವಾಗಿ ಹೊಳೆಯದುದೂ ಆಗಿದ್ದರೆ, ಪರೀಕ್ಷಕನು ಅರ್ಜಿಯ ಮುಂದಿನ ಪುಟವನ್ನು ತಿರುವುವನು.