ಗೋರಿಯ ಚಿತ್ರಗಳೂ ಮಡಕೆಯ ಚೂರುಗಳೂ

ಪ್ರಾಚೀನ ಈಜಿಪ್ಟನ್ನು ಕುರಿತು ಐತಿಹಾಸಿಕ ಕಾದಂಬರಿ ಬರೆಯಹೊರಟವರು ಸಾಮಾನ್ಯವಾಗಿ ಗೋರಿಗಳ ಭಿತ್ತಿಚಿತ್ರಗಳನ್ನೇ ಆಧಾರವಾಗಿ ಹಿಡಿಯುತ್ತಾರೆ. ಅಲ್ಲಿ ಪೈರು ಸದಾ ಹುಲುಸು, ದಂಪತಿಗಳಿಗೆ ಸದಾ ಯೌವನ. ಅವು ಪರಲೋಕಕ್ಕಾಗಿ ಬಯಸಿದ ಬಾಳಿನ ಚಿತ್ರಗಳೇ ಹೊರತು ಬಾಳಿದ ಬಾಳಿನ ದಾಖಲೆಗಳಲ್ಲವೆಂದು ನಾವು ಭಾವಿಸುತ್ತೇವೆ.

ದಾಖಲೆಗಳಿರುವುದು ಥೀಬ್ಸಿನೆದುರು ನೈಲ್ ನದಿಯ ಪಶ್ಚಿಮಕ್ಕಿರುವ ದೇರ್ ಎಲ್-ಮದೀನದಲ್ಲಿ. ರಾಜರ ಕಣಿವೆಯಲ್ಲಿ ಗೋರಿಗಳನ್ನು ಕೊರೆದ ಕೆಲಸಗಾರರ ಊರದು. 1922ರಿಂದ 1951ರವರೆಗೆ ಬ್ರೂಯೇರ್ ನಡೆಸಿದ ಉತ್ಖನನದಲ್ಲಿ ಬರಹವುಳ್ಳ ಮಡಕೆಯ ಚೂರುಗಳೂ ಸುಣ್ಣಕಲ್ಲಿನ ಚಕ್ಕೆಗಳೂ ಸಾವಿರಗಟ್ಟಲೆ ದೊರೆತವು. ಅದಕ್ಕೂ ಬಹು ಮೊದಲೇ ಬ್ರಿಟಿಷ್ ಮ್ಯೂಸಿಯಂ ಸೇರಿದ ಇಂಥದೊಂದು ಚಕ್ಕೆ ಎರಡನೆಯ ರಾಮೆಸ್ಸೀಸನ 40ನೆಯ ಆಳ್ವಿಕೆಯ ವರ್ಷದ (ಕ್ರಿ. ಪೂ. 13ನೆಯ ಶತಮಾನ) ಗೈರುಹಾಜರಿಯ ಪಟ್ಟಿ. ಒಬ್ಬನಿಗೆ ಚೇಳು ಕುಟುಕಿದೆ, ಒಬ್ಬನಿಗೆ ಕಣ್ಣುಬೇನೆ, ಒಬ್ಬ ಬೀರು ತಯಾರಿಸುತ್ತಿದ್ದಾನೆ, ಇನ್ನೊಬ್ಬ ತಾಯಿಯ ಶವಸಂಸ್ಕಾರದಲ್ಲಿದ್ದಾನೆ. ಕುಳಿತು ಕಲ್ಪಿಸಿದರೆ ಹೊಳೆಯುವ ಕಾರಣಗಳಲ್ಲ ಇವು!

ನಾಣ್ಯವಿನ್ನೂ ಇರಲಿಲ್ಲ. ಕೂಲಿ ಗೋಧಿ-ಜವೆಗಳಲ್ಲಿ ಸಲ್ಲುತ್ತಿತ್ತು. ಬೆಲೆಯನ್ನು ಹೆಚ್ಚಾಗಿ ತಾಮ್ರದ ತೂಕದಿಂದ ಎಣಿಸುತ್ತಿದ್ದರು. ನಾಯಕನ ಸೊಂಟಕ್ಕೆ ನಾಣ್ಯದ ಚೀಲ ಕಟ್ಟುವ ಲೇಖಕ ಆ ಬದುಕಿನ ಬುಡವನ್ನೇ ಅಲುಗಿಸುತ್ತಾನೆ. ಮೂರನೆಯ ರಾಮೆಸ್ಸೀಸನ 29ನೆಯ ವರ್ಷದಲ್ಲಿ ಧಾನ್ಯ ಬಾರದಿದ್ದಾಗ ಈ ಜನ ಕೆಲಸ ನಿಲ್ಲಿಸಿ, ಹಸಿದಿದ್ದೇವೆಂದು ದೇವಾಲಯದ ಬಳಿ ಹೋಗಿ ಕುಳಿತರು.

ಅದೇ ಊರಿನ ನೌನಖ್ತೆ ಎಂಬ ಮುದುಕಿ ಐದನೆಯ ರಾಮೆಸ್ಸೀಸನ 3ನೆಯ ವರ್ಷದಲ್ಲಿ, ಮುಪ್ಪಿನಲ್ಲಿ ತನ್ನನ್ನು ನೋಡಿಕೊಳ್ಳದ ಮಕ್ಕಳಿಗೆ ತನ್ನ ಆಸ್ತಿಯಲ್ಲಿ ಪಾಲಿಲ್ಲವೆಂದು ನ್ಯಾಯಸಭೆಯ ಮುಂದೆ ಸಾರಿದಳು. ಅವರೇಕೆ ದೂರವಾದರೆಂದು ಪಪೈರಸ್ ಹೇಳುವುದಿಲ್ಲ. ಅದನ್ನು ಕಲ್ಪಿಸಲು ಕಾದಂಬರಿಕಾರ ಸ್ವತಂತ್ರ. ಆದರೆ ಮೆಚ್ಚಿನ ಮಗನಿಗೆ ಆಕೆ ವಿಶೇಷವಾಗಿ ಕೊಟ್ಟದ್ದು ಒಂದು ಕಂಚಿನ ಬೋಗುಣಿ, ಹೊನ್ನಲ್ಲ.