ಸಮುದಾಯ ಮೆಶ್ ಜಾಲ

ಊರವರೇ ತಮ್ಮ ಮಾಳಿಗೆಗಳ ಮೇಲೆ ವೈಫೈ ರೂಟರ್ ಇಟ್ಟು, ಮನೆಯಿಂದ ಮನೆಗೆ ಹೆಣೆದುಕೊಳ್ಳುವ ಜಾಲ. ಪ್ರತಿ ರೂಟರೂ ತನ್ನದರ ಜೊತೆಗೆ ನೆರೆಯವರ ಮಾಹಿತಿಯನ್ನೂ ದಾಟಿಸುತ್ತದೆ. ಒಂದು ಕೆಟ್ಟರೆ ಮಾಹಿತಿ ಬೇರೆ ಮಾಳಿಗೆಯ ದಾರಿ ಹಿಡಿಯುತ್ತದೆ. ಸ್ಪೇನಿನ ಕ್ಯಾಟಲೋನಿಯಾದಲ್ಲಿ 2004ರಲ್ಲಿ ಹುಟ್ಟಿದ ಗೀಫಿ ಜಾಲ ಇದರ ದೊಡ್ಡಣ್ಣ.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಗೆ ಹತ್ತಿರದಲ್ಲಿ ಇಂಥ ಜಾಲದ ಪೂರ್ವಕಥೆಯೆಂದರೆ ನಿಪ್ಪಾಣಿಯಾಚೆ, ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ವಾರಣಾನಗರದ್ದು. ಅಲ್ಲಿನ ವಾರಣಾ ಹೊಳೆಯ ನೀರೇ ಕೃಷ್ಣೆ ಸೇರಿ ಈ ತಾಲ್ಲೂಕುಗಳಿಗೆ ಇಳಿಯುತ್ತದೆ. ಅಲ್ಲಿನ ಸಹಕಾರಿ ಸಕ್ಕರೆ ಕಾರ್ಖಾನೆಯ ಸುತ್ತಲಿನ ಸುಮಾರು 70 ಹಳ್ಳಿಗಳನ್ನು ಕಂಪ್ಯೂಟರ್ ಕೇಂದ್ರಗಳಿಂದ ಜೋಡಿಸುವ ಯೋಜನೆ 1998ರಲ್ಲಿ ಶುರುವಾಯಿತು. ಮೆಶ್ ಅಲ್ಲ ಅದು. ಕಬ್ಬಿನ ಗಾಡಿಗಳ ಹಾಗೆ ಅದರ ದಾರಿಗಳೂ ಕಾರ್ಖಾನೆಗೇ ಹೋಗುತ್ತಿದ್ದವು. ರೈತರು ಕೇಳುತ್ತಿದ್ದುದೂ ಹೆಚ್ಚಾಗಿ ಕಬ್ಬಿನ ತೂಕ, ಗೊಬ್ಬರದ ಲೆಕ್ಕ. ಕೆಲ ವರ್ಷಗಳ ನಂತರ ಮೈಕ್ರೋಸಾಫ್ಟ್ ರಿಸರ್ಚ್‌ನ ಬೆಂಗಳೂರು ತಂಡ 7 ಹಳ್ಳಿಗಳಲ್ಲಿ ಕಂಪ್ಯೂಟರ್ ಬದಲು ಮೊಬೈಲ್ ಎಸ್ಸೆಮ್ಮೆಸ್ ಇಟ್ಟು ನೋಡಿತು. ಕೆಲಸ ಅದರಲ್ಲೇ ಸಾಗಿತು.

ಕರ್ನಾಟಕದಲ್ಲಿ ನಿಜವಾದ ಮೆಶ್ ಒಂದಿರುವುದು ತುಮಕೂರು ಜಿಲ್ಲೆಯ ದೇವರಾಯನದುರ್ಗದ ಆಸುಪಾಸಿನಲ್ಲಿ. ಟಿ.ಬಿ. ದಿನೇಶ್ ಮತ್ತು ಬೆಂಗಳೂರಿನ ಜನಸ್ತು ಸಂಸ್ಥೆಯವರು ಕಟ್ಟಿದ ಇದರ ಹೆಸರು 'ಕೌಮೆಶ್': ಸಮುದಾಯದ ಒಡೆತನದ ವೈಫೈ ಮೆಶ್ ಎಂಬುದರ ಇಂಗ್ಲಿಷ್ ಮೊದಲಕ್ಷರಗಳಲ್ಲಿ ಹಸುವೊಂದು ಬಂದು ನಿಂತಿದೆ. ಗುಡ್ಡ ಅಡ್ಡ ಬಂದರೆ ವೈಫೈ ದಾಟದು, ಹಾಗಾಗಿ ಆಂಟೆನಾಗಳು ಒಂದಕ್ಕೊಂದು ಕಾಣುವಂತಿರಬೇಕು. ಇದರ ಹೆಚ್ಚುಗಾರಿಕೆ ಇಂಟರ್ನೆಟ್ ತರುವುದರಲ್ಲಿಲ್ಲ, ಊರಿನದನ್ನು ಊರಲ್ಲೇ ಇಡುವುದರಲ್ಲಿದೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರೊಂದು ಊರಲ್ಲೇ ಸರ್ವರ್ ಆಗಿ ಕೂರುತ್ತದೆ. ಅಲ್ಲಿನ ದುರ್ಗದಹಳ್ಳಿಯ 'ನಮ್ಮ ಹಳ್ಳಿ ರೇಡಿಯೊ' ಇಂಥ ಜಾಲದ ಮೇಲೇ ನಡೆದದ್ದು. ಹೊರಗಿನ ಇಂಟರ್ನೆಟ್ ಲೈನ್ ಸತ್ತರೂ ಅದನ್ನು ಕೇಳಲು ಊರ ವೈಫೈಗೆ ಮೊಬೈಲ್ ಜೋಡಿಸಿದರೆ ಸಾಕು, ಡೇಟಾ ಪ್ಯಾಕ್ ಬೇಡ. ಓದು ಬಾರದವರೂ ಧ್ವನಿಮುದ್ರಿಕೆಗಳಿಗೆ ಚಿತ್ರ ಅಂಟಿಸಿ ಗುರುತಿಡಲು 'ಪಾಪಡ್' ಎಂಬ ತಂತ್ರಾಂಶವೂ ಇದೆ.

ಇಂಥ ಜಾಲಗಳಿಗೆ ಬೇಕಾದ ವೈಫೈ ಕುರಿತ ಭಾರತದ ಕಾನೂನು ನಿಧಾನಕ್ಕೆ ಸಡಿಲವಾಯಿತು. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಗೆ ಪರವಾನಗಿ ಬೇಡವೆಂದದ್ದು 2005ರಲ್ಲಿ. 5 ಗಿಗಾಹರ್ಟ್ಸ್‌ನ ದೊಡ್ಡ ಪಾಲು ತೆರೆದದ್ದು 2018ರಲ್ಲಿ. 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ-ವಾಣಿ ಯೋಜನೆಯಡಿ ಚಹಾ ಅಂಗಡಿಯವರೂ ಪರವಾನಗಿ ಇಲ್ಲದೆ ಸಾರ್ವಜನಿಕ ವೈಫೈ ಕೊಡಬಹುದು. ಅಂಗಡಿಗೆ ಬರುವ ಲೈನ್ ಮಾತ್ರ ಮತ್ತೆ ಕಂಪನಿಯದೇ.