ಹಾವಿಗಾಗಿ ಇಲಿ ಸಾಕೋದು: ಈ ಕಸುಬು ಎಲ್ಲಿಂದ ಬಂತು?

ಈ ಸಂಚಿಕೆಗೆ ಕಾರಣ ಶ್ರೀನಿವಾಸಪುರ ಕಡೆಯ ಒಬ್ಬ ಕೇಳುಗರು. ರೇಷ್ಮೆ ಹುಳದ ಮನೆ ಖಾಲಿ ಬಿದ್ದಿದೆ, ಬೆಂಗಳೂರಲ್ಲಿ ಹೆಬ್ಬಾವು ಸಾಕೋರಿಗೆ ಬಿಳಿ ಇಲಿ ಬೇಕಂತೆ, ಸಾಲ ಮಾಡಿ ಶುರು ಮಾಡಲಾ ಅಂತ ಕೇಳಿದ್ದಾರೆ. ನಾನು ಓದಿದ್ದು ಬಿ.ಕಾಂ., ಹಾಗಾಗಿ ಲೆಕ್ಕ ಕೊನೆಗೆ ಬಂದೇ ಬರುತ್ತೆ. ಅದಕ್ಕೂ ಮುಂಚೆ, ಇಲಿ ಮಾರಿ ಬದುಕಿದವರು ಯಾರು, ಕೊಂಡವರು ಯಾರು ಅಂತ ನೋಡೋಣ.

ಇಲಿ, ಹಾವು ಎರಡೂ ನಮಗೆ ಹೊಸದಲ್ಲ. ಮುಳಬಾಗಿಲಿನ ಪಕ್ಕ ಕುರುಡುಮಲೆಯಲ್ಲಿ 13 ಅಡಿಗೂ ಎತ್ತರದ ಏಕಶಿಲಾ ಗಣಪ ಇದ್ದಾನಲ್ಲ, ಅವನ ಕಥೆ ಮಕ್ಕಳಿಗೂ ಗೊತ್ತು. ಹಾವು ಕಂಡು ಇಲಿ ಬೆದರಿತು, ಗಣಪ ಬಿದ್ದ, ಅದೇ ಹಾವನ್ನು ಹೊಟ್ಟೆಗೆ ಸುತ್ತಿಕೊಂಡ. ಆದರೆ ನಾವು ಹುತ್ತಕ್ಕೆ ಹಾಲೆರೆದವರೇ ಹೊರತು ಹಾವಿಗೆ ಇಲಿ ಸಾಕಿದವರಲ್ಲ. ಹಾವಿಗೆ ಹಾಲು ಆಹಾರವೇ ಅಲ್ಲ, ಅದು ಬೇರೆ ಮಾತು. ಇಲಿ ನಮಗೆ ರಾಗಿ ಕದಿಯೋ ಕಳ್ಳ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಬಂದ ಮೇಲಂತೂ ಮನೇಲಿ ಸತ್ತ ಇಲಿ ಕಂಡರೆ ಊರು ಬಿಟ್ಟು ಗುಡಿಸಲು ಸೇರೋ ಕಾಲ.

ಇಲಿಯನ್ನು ಇಷ್ಟಪಟ್ಟು ಸಾಕಿದ್ದು ಬೇರೆಯವರು. ಜಪಾನಿನಲ್ಲಿ 1787ರಲ್ಲೇ ಬಣ್ಣಬಣ್ಣದ ಇಲಿ ಸಾಕುವ ಕೈಪಿಡಿ ಅಚ್ಚಾಗಿತ್ತು. ಇಂಗ್ಲೆಂಡಿನಲ್ಲಿ 1895ರಲ್ಲಿ ಇಲಿ ಸಾಕುವವರ ರಾಷ್ಟ್ರೀಯ ಸಂಘವೇ ಹುಟ್ಟಿತು. ನಮ್ಮಲ್ಲಿ ಪ್ಲೇಗ್ ಬರೋಕೆ ಮೂರೇ ವರ್ಷ ಮುಂಚೆ!

ನನಗೆ ತುಂಬಾ ಹಿಡಿಸಿದ್ದು ಅಮೆರಿಕದ ಅಬ್ಬಿ ಲ್ಯಾಥ್ರಾಪ್ ಅವರ ಕಥೆ. ಮೇಡಂ ಶಾಲೆ ಟೀಚರ್ ಆಗಿದ್ದವರು. ಮ್ಯಾಸಚೂಸೆಟ್ಸ್‌ನ ಗ್ರ್ಯಾನ್‌ಬಿ ಎಂಬ ಹಳ್ಳಿಯಲ್ಲಿ ಕೋಳಿ ಫಾರಂ ಹಾಕಿದರು, ನಡೀಲಿಲ್ಲ. ಮಾಲೂರು ಕಡೆ ಎಷ್ಟು ಜನಕ್ಕೆ ಈ ನೋವು ಗೊತ್ತೋ! 1900ರ ಹೊತ್ತಿಗೆ ಅವರು ಶೋಕಿಗೆ ಸಾಕೋ ಇಲಿಗಳ ಕಡೆ ತಿರುಗಿದರು. ಓಟ್ಸು, ಬಿಸ್ಕತ್ತು ಹಾಕಿ ಸಾಕಿದರು. ಬೋನು ತೊಳೆಯೋಕೆ ಊರಿನ ಮಕ್ಕಳಿಗೆ ಗಂಟೆಗೆ 7 ಸೆಂಟ್ ಕೂಲಿ. ಒಂದು ಹಂತದಲ್ಲಿ ಅವರ ಹತ್ತಿರ 11,000ಕ್ಕೂ ಹೆಚ್ಚು ಇಲಿಗಳಿದ್ದವಂತೆ. ಆದರೆ ಅವರ ವ್ಯಾಪಾರ ಬೆಳೆಸಿದ್ದು ಶೋಕಿಯವರಲ್ಲ, ಹಾರ್ವರ್ಡ್‌ನಂಥ ಕಡೆಯ ವಿಜ್ಞಾನಿಗಳು. ಪದೇ ಪದೇ, ಲೆಕ್ಕ ಇಟ್ಟು ಕೊಳ್ಳೋ ಗಿರಾಕಿಗಳು ಅವರೇ. ಲ್ಯಾಥ್ರಾಪ್ 1918ರಲ್ಲಿ ತೀರಿಕೊಂಡರು. ಅವರ ಇಲಿಗಳಲ್ಲಿ 57ನೇ ನಂಬರಿನ ಹೆಣ್ಣಿನಿಂದ 1921ರಲ್ಲಿ ಬೆಳೆಸಿದ ತಳಿಯೇ ಇವತ್ತಿಗೂ ಪ್ರಯೋಗಾಲಯಗಳಲ್ಲಿ ಓಡಾಡುತ್ತಿರುವ ಸಿ57 ಬ್ಲ್ಯಾಕ್. 2002ರಲ್ಲಿ ಪ್ರಕಟವಾದ ಇಲಿ ಜೀನೋಮ್ ಕೂಡ ಅದೇ ತಳಿಯದು.

ನಮ್ಮ ದೇಶದಲ್ಲೂ ಸಾಕಿದ ಇಲಿಗೂ ಹಾವಿಗೂ ನಂಟು ಬಿದ್ದಿದ್ದು ಊಟದಿಂದ ಅಲ್ಲ, ಔಷಧದಿಂದ. ಕುದುರೆ ರಕ್ತದಿಂದ ತಯಾರಾಗೋ ವಿಷನಿರೋಧಕ ಕೆಲಸ ಮಾಡುತ್ತಾ ಅಂತ ನೋಡೋದು ಬಿಳಿ ಇಲಿಯ ಮೇಲೆ. ಒಂದು ಮಿಲಿಲೀಟರ್ ಔಷಧ 0.6 ಮಿಲಿಗ್ರಾಂ ನಾಗರ ವಿಷ, ಅಷ್ಟೇ ಮಂಡಲದ ಹಾವಿನ ವಿಷ, 0.45 ಮಿಲಿಗ್ರಾಂ ಕಟ್ಟುಹಾವಿನ ವಿಷ ತಡೀಬೇಕು ಅನ್ನೋ ನಿಯಮದ ಹಿಂದೆ ಸತ್ತ ಇಲಿಗಳಿವೆ. ದೇಶದಲ್ಲಿ 2000ರಿಂದ 2019ರ ನಡುವೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ ಅಂದಾಜು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಸಾಕೋ ಹಾವಿನ ಊಟಕ್ಕೇ ಇಲಿ ಬೆಳೆಸೋದು ತೀರಾ ಈಚಿನದು. ಘಾನಾ, ಟೋಗೊ, ಬೆನಿನ್ ಕಡೆಯ ಬಾಲ್ ಪೈಥಾನ್ ಅಮೆರಿಕದ ಮನೆಗಳಿಗೆ ಬಂತು. 1992ರಲ್ಲಿ ಅಲ್ಲಿ ಬಿಳಿಹಳದಿ ಬಣ್ಣದ ಮರಿ ಮಾಡಿಸಿದ ಮೇಲೆ ಬಣ್ಣಕ್ಕೊಂದು ಬೆಲೆ ಶುರುವಾಯ್ತು. ಹಾವು ಜಾಸ್ತಿ ಆದ ಹಾಗೆ ಇಲಿ ಕೂಡ ಫ್ರೀಜರ್ ಪೆಟ್ಟಿಗೆಯ ಸರಕಾಯ್ತು.

ಈಗ ಲೆಕ್ಕ. ಹೆಣ್ಣು ಇಲಿ ಗಬ್ಬ ಹೊರೋದು 20 ದಿನ ಆಸುಪಾಸು. ಮೂರು ವಾರಕ್ಕೆ ಮರಿ ಹಾಲು ಬಿಡುತ್ತೆ, ಆರೇಳು ವಾರಕ್ಕೆ ಅದೇ ತಾಯಿಯಾಗಲು ಸಿದ್ಧ. ಒಂದು ಗಂಡು, ಮೂರು ಹೆಣ್ಣು ಇರೋ ಒಂದು ಡಬ್ಬಿ ಇಟ್ಕೊಳ್ಳಿ. ವರ್ಷಕ್ಕೆ ಆರು ಸೂಲು, ಸೂಲಿಗೆ ಏಳು ಮರಿ ಅಂದರೂ 126 ಮರಿ. ದೊಡ್ಡವು ನಾಲ್ಕಕ್ಕೆ ವರ್ಷಕ್ಕೆ ಆರೂವರೆ ಕೆಜಿ ಮೇವು ಸಾಕು, ಮರಿಗಳದ್ದು ಬೇರೆ. ಕೇಳೋಕೆ ಚೆನ್ನಾಗಿದೆ. ಆದರೆ ವಾರಕ್ಕೊಂದು ಇಲಿ ತಿನ್ನೋ ಮರಿ ಹೆಬ್ಬಾವಿಗೆ ವರ್ಷಕ್ಕೆ 52 ಸಾಕು. ಅಂದರೆ ಒಂದು ಡಬ್ಬಿಗೆ ಎರಡೂವರೆ ಹಾವು ಬೇಕು! ನೂರು ಡಬ್ಬಿ ಇಟ್ಟರೆ 240 ಹಾವಿನ ಗಿರಾಕಿ ಹುಡುಕಬೇಕು. ಹಾವು ಬೆಳೆದ ಮೇಲೆ ಅದು ಪುಟ್ಟ ಇಲಿ ಬಿಟ್ಟು ದೊಡ್ಡ ಇಲಿಗೆ ಬಡ್ತಿ ಪಡೆಯುತ್ತೆ.

ಹುಳ ಸಾಕಿದವರಿಗೆ ಶುಚಿ, ಶಾಖ, ರೋಗದ ಕಾಟ ಹೇಳಿಕೊಡಬೇಕಿಲ್ಲ. ಆದರೆ ಗೂಡು ತಗೊಂಡು ಮಾರುಕಟ್ಟೆಗೆ ಹೋದರೆ ಹರಾಜು ಕೂಗೋಕೆ ನೂಲು ಬಿಚ್ಚೋರು ಬಂದಿರ್ತಾರೆ. ಇಲಿಗೆ ಆ ಹರಾಜುಕಟ್ಟೆ ಇಲ್ಲ. ಗಿರಾಕಿ ಯಾರು ಅನ್ನೋದಕ್ಕೂ ಕಾನೂನಿನ ಬೇಲಿ ಇದೆ. ನಾಗರ, ಕೇರೆ, ನಮ್ಮ ಹೆಬ್ಬಾವು ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಹಾವನ್ನು 2024ರ ಫೆಬ್ರವರಿಯ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿರಬೇಕು. ಲ್ಯಾಥ್ರಾಪ್ ಹಾಗೆ ಲ್ಯಾಬಿಗೆ ಮಾರ್ತೀನಿ ಅಂದರೂ 1998ರ ನಿಯಮಗಳ ಪ್ರಕಾರ ಸಾಕೋ ಜಾಗ ಮೊದಲು ನೋಂದಣಿ ಆಗಬೇಕು. ಹಾಗಾಗಿ ಸಾಲ ಮಾಡಿ ಬೇಡ ಅನ್ನೋದು ನನ್ನ ಅಭಿಪ್ರಾಯ. ನಾಲ್ಕು ಡಬ್ಬಿ ಇಟ್ಟು, ನೋಂದಣಿ ತೋರಿಸೋ ಗಿರಾಕಿ ಹತ್ತು ಜನ ಸಿಗ್ತಾರಾ ನೋಡಿ.

ಇಟ್ಟರೂ, ಮನೆ ಫ್ರಿಜ್ಜಿನಲ್ಲಿ ಇಲಿ ಇಡಬೇಡಿ. 2009–10ರಲ್ಲಿ ಅಮೆರಿಕ, ಇಂಗ್ಲೆಂಡ್ ಎರಡೂ ಕಡೆ ಹಾವಿಗೆಂದು ತಂದ ಫ್ರೀಜರ್ ಇಲಿಯಿಂದ ಜನಕ್ಕೆ ಸಾಲ್ಮೊನೆಲ್ಲ ಹರಡಿತು, ಅವರಲ್ಲಿ ಚಿಕ್ಕ ಮಕ್ಕಳೂ ಇದ್ದರು. ಹೆಪ್ಪುಗಟ್ಟಿಸಿದರೆ ಆ ರೋಗಾಣು ಸಾಯೋದಿಲ್ಲ.